ಏರಿಗೆ ಬಂದ್ರ ಕಿಟ್ ಸೈಕಲ್ ನಿಂತ್ಬಿಡ್ತೈತಿ, ಹಲ್ಲು ಬದಲಿಸ್ಲೋ ಮೋಟಾರ್ ಬದಲಿಸ್ಲೋ?

ಗಂಗಾವತಿಯಿಂದ:
ಅಪ್ಪ ಹಾಲಿನ ಕ್ಯಾನ್ ಕಟ್ಕೊಂಡು ಸೈಕಲ್ ಮ್ಯಾಲೆ ಡೇರಿಗೆ ಹೋಗ್ತಾರ, ಮೊಣಕಾಲು ನೋವು ಅಂತ 24 ವೋಲ್ಟ್ 250 ವ್ಯಾಟ್ ಮೋಟಾರ್ ಕಿಟ್ ಹಾಕ್ಸೀನಿ. ಚೈನ್ ಕೂಡ್ರೋ ಚಕ್ರಕ್ಕ ಮೋಟಾರ್ ಕಡೆ 9 ಹಲ್ಲು, ಹಿಂದಿನ ಗಾಲಿಗೆ 18, ಗಾಲಿ 26 ಇಂಚು. ಎಡದಂಡೆ ಕಾಲುವೆ ರಸ್ತ್ಯಾಗ ಚೊಲೋ ಓಡ್ತೈತಿ, ಊರ ಮುಂದಿನ ಏರಿಗೆ ಬಂದ್ರ ಗುರ್ ಅಂತ ನಿಂತು ಮೋಟಾರ್ ಮುಟ್ಟಾಕ ಆಗಂಗಿಲ್ಲ ಅಷ್ಟು ಕಾಯ್ತೈತಿ. ಅಂಗಡ್ಯಾಗ 350 ವ್ಯಾಟ್ ಹಾಕ್ಸು ಅಂತಾರ. ಯಾರಾದ್ರೂ ಹಲ್ಲು ಬದಲಿಸಿ ನೋಡೀರೇನ್ರಿ?

ಸಿಂಧನೂರಿಂದ:
ಮೊದ್ಲು ಹಲ್ಲು ಬದಲಿಸ್ರಿ, ಮೋಟಾರ್ ಆಮ್ಯಾಲ. ನಂದೂ ಇದೇ ತರದ ಕಿಟ್, ಗೊಬ್ಬರದ ಚೀಲ ಹೇರಿ ಹೊಲಕ್ಕ ಹೋಗ್ತೀನಿ. ಮೋಟಾರಿನ ಗೇರ್ ಡಬ್ಬಿಯಿಂದ ಹೊರಗ ಬರೋದು ನಿಮಿಷಕ್ಕ ಸುಮಾರು 300 ಸುತ್ತು, 9ಕ್ಕ 18 ಅಂದ್ರ ಗಾಲಿಗೆ ಅದರ ಅರ್ಧ 150, 26ರ ಗಾಲಿ ಸುತ್ತಿಗೆ ಎರಡು ಮೀಟರಿಗಿಂತ ತುಸು ಜಾಸ್ತಿ ಉರುಳ್ತದ, ಹಂಗಾಗಿ ಗಂಟೆಗೆ 18–19 ಕಿಮೀ. ಆ ಸ್ಪೀಡಿನ್ಯಾಗ ಗಾಲಿಗೆ ಸಿಗೋ ಎಳೆತ ಸುಮಾರು 5 ಕೆಜಿ ಅಷ್ಟ. ಈಗ ಅಪ್ಪಾರು, ಸೈಕಲ್ಲು, ಹಾಲು ಎಲ್ಲಾ ಸೇರಿ 150 ಕೆಜಿ ಹಿಡೀರಿ. ನೂರು ಮೀಟರಿಗೆ 3 ಮೀಟರ್ ಏರೋ ರಸ್ತಾ ಇದ್ರ ಏರಿಗೇ ನಾಕೂವರೆ ಕೆಜಿ ಬೇಕು, ಟೈರ್ ಉರುಳಾಕ ಒಂದೂವರೆ. ಬೇಕಾದದ್ದು 6, ಇರೋದು 5. ಮೋಟಾರ್ ನಿಧಾನ ಆಗ್ತದ, ನಿಧಾನ ಆದಷ್ಟೂ ಕರೆಂಟ್ ಜಾಸ್ತಿ ಎಳೀತದ, ಅದ್ಕ ನಿಮ್ಮದು ಕಾಯೋದು.

ಹಿಂದ 27 ಹಲ್ಲು ಹಾಕಿದ್ರ ಎಳೆತ ಏಳೂವರೆ ಹತ್ರ ಹೋಗ್ತದ, ಸ್ಪೀಡು 12ಕ್ಕ ಇಳೀತದ. ಪುಕ್ಕಟ ಏನೂ ಬರಂಗಿಲ್ಲ, ಸ್ಪೀಡ್ ಕೊಟ್ಟು ಪಿಕಪ್ ತಗೋಬೇಕು. ಆದ್ರ ಅದೇ ಏರಿಗೆ ಕರೆಂಟ್ ಮೂರರಾಗ ಎರಡು ಪಾಲು ಸಾಕು, ಮೋಟಾರಿನೊಳಗಿನ ತಂತಿ ಸುರುಳಿ ಬಿಸಿ ಕರೆಂಟಿನ ವರ್ಗದ ಲೆಕ್ಕದಾಗ (ಕರೆಂಟ್ ಎರಡು ಪಟ್ಟಾದ್ರ ಬಿಸಿ ನಾಕು ಪಟ್ಟು) ಏರೋದ್ರಿಂದ ಬಿಸಿ ಅರ್ಧಕ್ಕಿಂತ ಕೆಳಗ ಬರ್ತದ. ನಮ್ಮ ಕಡಿ ಬ್ಯಾಸಿಗ್ಯಾಗ ಇದೇ ದೊಡ್ಡ ಲಾಭ. ಮೋಟಾರ್ ಕಡೆ 9ಕ್ಕಿಂತ ಸಣ್ಣದು ಮಾತ್ರ ಹಾಕಬ್ಯಾಡ್ರಿ, ಚೈನ್ ಜಾಸ್ತಿ ಮಡಚಿ ಹಲ್ಲು ಬೇಗ ಸವೀತಾವ.

ಸಿರುಗುಪ್ಪದಿಂದ:
12ರ ಸ್ಪೀಡಲ್ಲಿ ಹೋದ್ರೆ ಬರೀ ಕಾಲಲ್ಲಿ ತುಳಿಯೋರೂ ದಾಟಿ ಹೋಗ್ತಾರೆ ಸರ್. ದಾರಿ ಪೂರ್ತಿ ಸಪಾಟ, ಒಂದೇ ಏರು ಅಂದ್ರೆ ಹಿಂದೆ 22 ಹಲ್ಲು ಸಾಕು, ಎಳೆತ 6 ಕೆಜಿ ಬರ್ತದೆ, ಸ್ಪೀಡೂ 15 ಉಳೀತದೆ. ಏರು ಶುರು ಆಗೋಕೆ ಮುಂಚೆನೇ ಪೆಡಲ್ ತುಳಿಯೋಕೆ ಹತ್ತಬೇಕು, ಮೋಟಾರ್ ನಿಂತ ಮೇಲೆ ತುಳಿದ್ರೆ ಉಪಯೋಗ ಇಲ್ಲ.

ಸಿಂಧನೂರಿಂದ:
ಅಣ್ಣಾ, ಅವರಪ್ಪಾಗ ಮೊಣಕಾಲು ನೋವು ಅಂತನ ಕಿಟ್ ಹಾಕ್ಸ್ಯಾರ, ನೀವು ತುಳಿ ಅಂತೀರಿ.

ಕುಷ್ಟಗಿಯಿಂದ:
ಹಬ್ ಮೋಟಾರ್ ತಗೋ ಅಂತ ಯಾರಾದ್ರೂ ಹೇಳ್ತಾರ, ಕೇಳಬ್ಯಾಡ್ರಿ. ಮೋಟಾರ್ ಗಾಲಿ ಒಳಗನ ಇರತೈತಿ, ಆಮ್ಯಾಲೆ ಹಲ್ಲು ಬದಲಿಸೋ ದಾರಿ ಇಲ್ಲ. ಪೆಡಲ್ ಹತ್ರ ಕೂಡ್ರೋ ಮಿಡ್ ಡ್ರೈವ್ ಆದ್ರ ಸೈಕಲ್ಲಿನ ಗೇರ್ ಎಲ್ಲಾ ಮೋಟಾರಿಗೂ ಸಿಗ್ತಾವ, ಏರಿಗೆ ದೊಡ್ಡ ಹಲ್ಲು, ಸಪಾಟಿಗೆ ಸಣ್ಣದು, ಆದ್ರ ರೇಟು ಜಾಸ್ತಿ, ಎಕ್ಸ್‌ಲೇಟರ್ ಬಿಡದನ ಗೇರ್ ಬದಲಿಸಿದ್ರ ಚೈನ್ ಉಳಿಯಂಗಿಲ್ಲ. ಮತ್ತ 350 ವ್ಯಾಟ್ ಹಾಕ್ಸೋ ಮುಂಚೆ ಒಂದು ನೆನಪಿಡ್ರಿ, ರಿಜಿಸ್ಟ್ರೇಷನ್ ಲೈಸೆನ್ಸ್ ಬ್ಯಾಡ ಅನ್ನೋದು 250 ವ್ಯಾಟ್ ಒಳಗ, 25 ಕಿಮೀ ಸ್ಪೀಡಿನ ಒಳಗ ಇದ್ರ ಅಷ್ಟ.

ಗಂಗಾವತಿಯಿಂದ:
ಲೇತ್ ಅಂಗಡ್ಯಾಗ 24 ಹಲ್ಲಿಂದು ಐತಂತ, 27 ಇಲ್ಲ. ಚೈನ್ ಸಾಲ್ತೈತೇನ್ರಿ?

ಸಿಂಧನೂರಿಂದ:
24 ನಡೀತದ ತಗೋರಿ, ಎಳೆತ ಆರೂವರೆ, ಸ್ಪೀಡ್ 14. ಚೈನ್ ಸಾಲಂಗಿಲ್ಲ, 6 ಹಲ್ಲು ಜಾಸ್ತಿ ಆದ್ರ ಮೂರು ಕೊಂಡಿ ಬೇಕು, ಜೋಡೀಲೇ ಕೂಡಿಸ್ಬೇಕಾದ್ರಿಂದ ನಾಕು ಹಾಕ್ಸಿ, ಉಳಿದ ಸಡಿಲು ಮೋಟಾರ್ ಬೋಲ್ಟ್ ಬಿಚ್ಚಿ ಸರಿಸಿ ಬಿಗಿ ಮಾಡ್ರಿ. ಹೊಸ ಹಲ್ಲಿನ ಚಕ್ರ ವೆಲ್ಡಿಂಗ್ ಮಾಡ್ಸೋ ಮುಂಚೆ ಎರಡೂ ಹಲ್ಲಿನ ಚಕ್ರ ಒಂದೇ ಸಾಲಿನ್ಯಾಗ ಅದಾವೋ ಇಲ್ಲೋ ಉದ್ದ ಪಟ್ಟಿ ಇಟ್ಟು ನೋಡ್ರಿ, ತುಸು ಓರೆ ಇದ್ರೂ ಲೋಡ್ ಬಿದ್ದಾಗ ಚೈನ್ ಹಾರ್ತದ.