‘ಲೂಸ್ ಲೀಫ್’ ಎಂದರೆ ಬರೀ ಬಿಡಿ ಹಾಳೆಯೇ?

ಪ್ರಶ್ನೆ (ಧಾರವಾಡ): ಹುಬ್ಬಳ್ಳಿಯ ವಕೀಲರೊಬ್ಬರ ಕಚೇರಿಯಲ್ಲಿ ‘ಲೂಸ್ ಲೀಫ್ ಆವೃತ್ತಿ’ ಎಂದಿದ್ದ ದಪ್ಪ ಕಾನೂನು ಪುಸ್ತಕ ಕಂಡೆ. ಹಾಳೆ ಕಿತ್ತುಹೋದ ಪುಸ್ತಕಕ್ಕೂ ಇದಕ್ಕೂ ವ್ಯತ್ಯಾಸವೇನು?

ಉತ್ತರ (ಹುಬ್ಬಳ್ಳಿ): ಕಿತ್ತುಹೋದದ್ದಲ್ಲ ಸರ್, ಇದಕ್ಕೆ ಹೊಲಿಗೆಯನ್ನೇ ಹಾಕಿರುವುದಿಲ್ಲ. ಅಂಚಿನಲ್ಲಿ ತೂತುಗಳಿರುವ ಹಾಳೆಗಳನ್ನು ರಿಂಗ್ ಫೈಲಿಗೆ ಪೋಣಿಸಿರುತ್ತಾರೆ. ಕಾಯ್ದೆಗೆ ತಿದ್ದುಪಡಿಯಾದಾಗ ಪ್ರಕಾಶಕರು ಕಳಿಸುವ ಹೊಸ ಪುಟಗಳನ್ನು ಸೇರಿಸಿ ಹಳೆಯವನ್ನು ತೆಗೆದರೆ, ಇಡೀ ಪುಸ್ತಕವನ್ನು ಮತ್ತೆ ಕೊಳ್ಳಬೇಕಾಗುವುದಿಲ್ಲ. ಫೈಲು ಕೊಳ್ಳುವಾಗ ಮಾತ್ರ ಅಳತೆ ನೋಡಿ: ಅಂತರರಾಷ್ಟ್ರೀಯ ಮಾನಕದ ಪ್ರಕಾರ ಎರಡು ತೂತುಗಳ ನಡುವಿನ ಅಂತರ 80 ಮಿ.ಮೀ.

ಉತ್ತರ (ಹಾವೇರಿ): ತಾಳೆಗರಿಯ ಕಟ್ಟೂ ದಾರ ಪೋಣಿಸಿದ ಬಿಡಿ ಗರಿಗಳೇ ಆದರೂ, ಗರಿ ಬದಲಿಸುವ ಉದ್ದೇಶ ಅಲ್ಲಿಲ್ಲದ್ದರಿಂದ ಅದಕ್ಕೆ ಈ ಹೆಸರು ಒಪ್ಪುವುದಿಲ್ಲವೆಂದು ನನ್ನ ಅಭಿಪ್ರಾಯ.

ಉತ್ತರ (ಗದಗ): ಚಹಾ ಪೊಟ್ಟಣದ ಮೇಲಿರುವ ‘ಲೂಸ್ ಲೀಫ್’ ಬೇರೆ, ಅದು ಸಣ್ಣ ಚೀಲಗಳಲ್ಲಿ ತುಂಬದ ಚಹಾ ಎಲೆ.