ಅಪ್‌ಡೇಟ್: ಹುಡುಗರ ಸೈಕಲ್ ದಾರಿಗೆ ಹಾಕಿದ್ದ ಮುಳ್ಳು ತೆಗೆದರು!

ಮೂರು ವಾರದ ಹಿಂದೆ ಕೇಳಿದ್ದೆನಲ್ಲ, ಗದಗದ ಹತ್ತಿರದ ನಮ್ಮೂರ ಗುಡ್ಡದಲ್ಲಿ ಹುಡುಗರು ಮೌಂಟನ್ ಬೈಕ್ ಓಡಿಸುವ ಕಾಲುದಾರಿಗೆ ಪಕ್ಕದ ಹೊಲದವರು ಮುಳ್ಳು ಹಾಕಿದ್ದಾರೆ, ಏನು ಮಾಡಲಿ ಅಂತ. ಅರ್ಜಿ ಕೊಡಿ ಅಂದಿದ್ದಿರಿ. ಕೊಟ್ಟೆ, ಇನ್ನೂ ಸುದ್ದಿಯಿಲ್ಲ. ಕೆಲಸ ಮಾಡಿದ್ದು 'ಮೊದಲು ಅವರ ಜೊತೆ ಚಹಾ ಕುಡಿಯಿರಿ' ಅನ್ನೋ ಸಲಹೆ. ಅವರ ಸಿಟ್ಟು ಹುಡುಗರ ಮೇಲಲ್ಲ, ನೀರಿನ ಮೇಲೆ! ದಾರಿ ನೆಟ್ಟಗೆ ಇಳಿಯುತ್ತಿತ್ತು, ಮಳೆ ನೀರೆಲ್ಲ ಅದರಲ್ಲೇ ಹರಿದು ಮಣ್ಣು ಹೊಲಕ್ಕೆ ನುಗ್ಗುತ್ತಿತ್ತು. ಟ್ರೈಲ್ (ಇಂಥ ಗುಡ್ಡದ ದಾರಿ) ಕಟ್ಟುವವರ ಅರ್ಧದ ನಿಯಮ ನನಗೆ ಗೊತ್ತಾಗಿದ್ದೇ ಆಗ: ಗುಡ್ಡದ ಇಳಿಜಾರು 20% ಇದ್ದರೆ ದಾರಿಯ ಏರು ಅದರ ಅರ್ಧ, ಅಂದರೆ 10% ದಾಟಬಾರದು, ಇಲ್ಲದಿದ್ದರೆ ನೀರು ದಾರಿಯನ್ನೇ ಹಿಡಿದು ಹರಿಯುತ್ತದೆ. ಹುಡುಗರೇ ಗುದ್ದಲಿ ಹಿಡಿದು ಎರಡು ಭಾನುವಾರ ದಾರಿಯನ್ನು ಗುಡ್ಡಕ್ಕೆ ಅಡ್ಡಡ್ಡ ತಿರುಗಿಸಿದರು. ಮುಳ್ಳನ್ನು ಹೊಲದವರೇ ತೆಗೆದರು. ಕುರಿ ಬಂದರೆ ಸೈಕಲ್ ಇಳಿದು ನಿಲ್ಲಬೇಕು, ಅದೊಂದೇ ಷರತ್ತು.