ಅಂತರಗಂಗೆ ಹಾಸಿದ ನೀರಿಗೆ ಯಾವ ರಬ್ಬರ್ ಕಪ್ಪೆ? ಟೊಳ್ಳಿನದೋ, ಗಟ್ಟಿಯದೋ?

ಬೀಳಗಿ_ಗಾಳ:

ನಮಸ್ಕಾರ ರೀ ಎಲ್ಲರಿಗೂ. ನಮ್ಮದು ಬೀಳಗಿ ಕಡೆ. ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ಮುರ್ರೆಲ್ (ಹಾವಿನಂಥ ತಲೆಯ ಮೀನು) ಹಿಡಿಯುವ ಹುಚ್ಚು. ಇಷ್ಟು ದಿನ ಎರೆಹುಳ, ಸಣ್ಣ ಮೀನು ಸಿಗಿಸಿ ಕಾಯುತ್ತಾ ಕೂರುತ್ತಿದ್ದೆ. ಈಗ ಗಾಳಕ್ಕೆ ಕಟ್ಟುವ ನಕಲಿ ರಬ್ಬರ್ ಕಪ್ಪೆ ಎಸೆದು ಹಿಡಿಯಬೇಕು ಅಂತ ಮನಸ್ಸಾಗಿದೆ.

ಆನ್‌ಲೈನ್‌ನಲ್ಲಿ ನೋಡಿದರೆ ಎರಡು ನಮೂನೆ ಇವೆ. ಒಂದು ಹಾಲೋ ಬಾಡಿ, ಒಳಗೆ ಟೊಳ್ಳು, ಹಿಂದುಗಡೆ ಜೋಡಿ ಗಾಳ ಬೆನ್ನಿಗೆ ಅಂಟಿಕೊಂಡಿರುತ್ತದೆ. ಇನ್ನೊಂದು ಗಟ್ಟಿ ರಬ್ಬರಿನದು, ಗಾಳ ನಾವೇ ಬೇರೆ ಹಾಕಿಕೊಳ್ಳಬೇಕು. ಟೊಳ್ಳಿನದು ಒಂದಕ್ಕೆ ಕೊಡುವ ದುಡ್ಡಿಗೆ ಗಟ್ಟಿಯದು ಒಂದು ಪ್ಯಾಕೆಟ್ಟೇ ಬರುವ ಹಾಗಿದೆ. ಯೂಟ್ಯೂಬ್‌ನಲ್ಲಿ ಸಿಗುವುದೆಲ್ಲ ಅಮೆರಿಕದವರು ಅವರ ಕಡೆಯ ಲಾರ್ಜ್‌ಮೌತ್ ಬಾಸ್ ಮೀನು ಹಿಡಿಯುವ ವಿಡಿಯೋ. ನಮ್ಮ ಕೃಷ್ಣೆಯಲ್ಲಿ ಬಾಸ್ ಎಲ್ಲಿಂದ ಬರಬೇಕು? ಅವರು ಹೇಳಿದ್ದು ಮುರ್ರೆಲ್‌ಗೂ ನಡೆಯುತ್ತಾ ಅನ್ನೋದೇ ನನ್ನ ಪ್ರಶ್ನೆ.

ನಾನು ಹೋಗುವ ಕಡೆ ಅಂತರಗಂಗೆ ಒತ್ತಾಗಿ ಹಾಸಿರುತ್ತದೆ, ಅಲ್ಲಲ್ಲಿ ಜೊಂಡು, ಬೇಸಿಗೆಯಲ್ಲಿ ನೀರು ಇಳಿದಾಗ ಒಣಗಿದ ಜಾಲಿ ಗಿಡಗಳು ಮೇಲೆ ಬರುತ್ತವೆ. ಏಳು ಅಡಿ ಮೀಡಿಯಂ ಹೆವಿ ರಾಡ್, 3000 ಸೈಜಿನ ಸ್ಪಿನ್ನಿಂಗ್ ರೀಲ್, 30 ಪೌಂಡ್ ಭಾರ ತಡೆಯುವ ಬ್ರೇಡ್ (ಹೆಣೆದ ದಾರ) ಇದೆ. ಯಾವುದು ತಗೊಳ್ಳಲಿ?

ಹಿಡಕಲ್_ದಂಡೆ:

ಅಂತರಗಂಗೆ ಅಂದಮೇಲೆ ಮಾತೇ ಇಲ್ಲ, ಟೊಳ್ಳಿನದೇ ತಗೊಳ್ರಿ. ಯಾಕೆ ಅಂತ ಹೇಳುತ್ತೇನೆ.

ಟೊಳ್ಳು ಕಪ್ಪೆ ಎಳೆಯದೆ ಸುಮ್ನೆ ಬಿಟ್ಟರೂ ತೇಲುತ್ತದೆ. ಅಂತರಗಂಗೆ ಮೇಲೆ ಎಸೆದು, ಎಲೆ ಮೇಲಿಂದ ಮೆಲ್ಲಗೆ ಜರುಗಿಸುತ್ತಾ ಬಂದು, ನಡುವೆ ಒಂದು ತಟ್ಟೆಯಷ್ಟು ನೀರು ಕಂಡಲ್ಲಿ ಇಳಿಸಿ ನಿಲ್ಲಿಸಬಹುದು. ಆ ನಿಲ್ಲಿಸುವುದರಲ್ಲೇ ಇರೋದು ಎಲ್ಲ. ಕೆಳಗಿರುವ ಮೀನಿಗೆ ಹುಡುಕಿಕೊಂಡು ಬರಲು ಟೈಮ್ ಬೇಕಲ್ವಾ? ಗಟ್ಟಿ ಕಪ್ಪೆ ಬಹಳಷ್ಟು ನಿಲ್ಲಿಸಿದ ಕೂಡಲೇ ಮುಳುಗುತ್ತವೆ. ಮುಳುಗಿ ಬೇರಿನೊಳಗೆ ಹೋದರೆ ಮುಗಿಯಿತು, ಅರ್ಧ ಕಿಲೋ ಕಸ ಎಳೆದುಕೊಂಡು ಬರುತ್ತೀರಿ.

ಈಗ ಬಾಸ್ ವಿಷಯ. ಬಾಸ್ ಬಾಯಿ ಅಗಲಿಸಿ ನೀರಿನ ಸಮೇತ ಒಳಗೆ ಹೀರಿಕೊಳ್ಳುತ್ತದೆ. ಹಾಗಾಗಿ ಕಪ್ಪೆ ಇಡಿಯಾಗಿ ಬಾಯೊಳಗೆ ಹೋಗುತ್ತದೆ. ಮುರ್ರೆಲ್ ಹಾಗಲ್ಲ, ಹಿಂದಿನಿಂದ ಅಟ್ಟಿಸಿಕೊಂಡು ಬಂದು ಕಚ್ಚುತ್ತದೆ. ಹಲ್ಲು ಚೂಪು, ಬಾಯಿ ಒಳಗೆಲ್ಲ ಎಲುಬು. ಅದಕ್ಕೇ ಬಾಸ್‌ಗೆ ನಡೆಯುವ ಸ್ವಲ್ಪ ಬಿರುಸಾದ ಕಪ್ಪೆ ನಮಗೆ ನಡೆಯುವುದಿಲ್ಲ. ಕಚ್ಚಿದ ತಕ್ಷಣ ಮೈ ಅಪ್ಪಚ್ಚಿಯಾಗಿ ಗಾಳದ ಮೊನೆ ಹೊರಗೆ ಬರಬೇಕು. ಅಂಗಡಿಯಲ್ಲಿ ಕೈಗೆ ಸಿಕ್ಕರೆ ಎರಡು ಬೆರಳಲ್ಲಿ ಬೆನ್ನು ಮತ್ತು ಹೊಟ್ಟೆ ಹಿಡಿದು ಒತ್ತಿ ನೋಡ್ರಿ. ಹಗುರಾಗಿ ಒತ್ತಿದರೇ ಎರಡೂ ಮೊನೆ ಕಾಣಬೇಕು. ಜೋರು ಹಾಕಬೇಕಾಯಿತು ಅಂದರೆ ವಾಪಸ್ ಇಟ್ಟು ಬನ್ನಿ. ಅಗ್ಗದ ಮಾಲಿನಲ್ಲಿ ಇದೇ ತಕರಾರು ಜಾಸ್ತಿ. ಕೊಂಡುಬಿಟ್ಟಿದ್ದರೆ ಬಿಸಿ ನೀರಲ್ಲಿ ಸ್ವಲ್ಪ ಹೊತ್ತು ಬಿಡಿ, ರಬ್ಬರ್ ಮೆತ್ತಗಾಗುತ್ತದೆ.

ಸೈಜ್ 60ರಿಂದ 65 ಮಿಲಿಮೀಟರ್, ತೂಕ 14ರಿಂದ 18 ಗ್ರಾಂ ಇರಲಿ. ಸ್ಪ್ರೋ ಕಂಪನಿಯ ಬ್ರಾಂಝ್‌ಐ 65 ಈ ಅಳತೆಯದೇ, ಅಮೆರಿಕದ ಡೀನ್ ರೋಹಾಸ್ ಡಿಸೈನ್ ಮಾಡಿದ್ದು. ಬೂಯಾ ಪ್ಯಾಡ್ ಕ್ರಾಶರ್ ಸಹ ಇದೇ ಸಾಲಿನದು. ಬಣ್ಣಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಬೆನ್ನ ಮೇಲಿನ ಚಿತ್ತಾರ ನೋಡಿ ಖುಷಿ ಪಡೋರು ನಾವು, ಮೀನಿಗೆ ಕಾಣುವುದು ಹೊಟ್ಟೆ ಮಾತ್ರ. ಮಳೆಗಾಲದ ರಾಡಿ ನೀರಿಗೆ ಕರಿ, ತಿಳಿ ನೀರಿಗೆ ಹಸಿರೋ ಕಂದೋ. ಅಷ್ಟು ಸಾಕು.

30 ಪೌಂಡ್ ದಾರ ಬದಲಾಯಿಸಿ. 40 ಅಥವಾ 50 ಹಾಕಿರಿ. ಮೀನಿನ ತೂಕಕ್ಕಲ್ಲ, ಕಸದ ತೂಕಕ್ಕೆ.

ಜಮಖಂಡಿ_ಹೊಳಿದಂಡಿ:

ಹಿಡಕಲ್ ಸರ್ ಹೇಳಿದ್ದು ಅಂತರಗಂಗೆಗೆ ಸರಿ. ಆದರೆ ಗಟ್ಟಿ ಕಪ್ಪೆಯನ್ನು ಪೂರ್ತಿ ಮೂಲೆಗೆ ತಳ್ಳಬೇಡ್ರಿ. ಜೊಂಡಿನ ಅಂಚು, ತೆಳು ಪಾಚಿ, ಕಬ್ಬಿನ ಗದ್ದೆ ಪಕ್ಕದ ಹಳ್ಳ, ಇಂಥ ಕಡೆ ಅದರ ಆಟವೇ ಬೇರೆ. ಎಸೆದು ನಿಲ್ಲಿಸದೆ ಒಂದೇ ಸಮ ಸುತ್ತುತ್ತಾ ಬಂದರೆ ಹಿಂಗಾಲು ಎರಡೂ ಬುಳುಬುಳು ಅಂತ ನೀರು ಬಡಿಯುತ್ತವೆ. ರಾಡಿ ನೀರಲ್ಲಿ ಮೀನಿಗೆ ಕಣ್ಣಿಗಿಂತ ಆ ಸದ್ದೇ ಮೊದಲು ತಲುಪುತ್ತದೆ. ಉದ್ದ ದಂಡೆಯಲ್ಲಿ ಮೀನು ಎಲ್ಲಿದೆ ಅಂತ ಗೊತ್ತಿಲ್ಲದಾಗ ಬೇಗ ಬೇಗ ಎಸೆದು ಜಾಗ ಹುಡುಕಲು ನಾನು ಇದನ್ನೇ ಕಟ್ಟೋದು.

ಝೂಮ್ ಕಂಪನಿಯ ಹಾರ್ನಿ ಟೋಡ್, ಸ್ಟ್ಯಾನ್ಲಿ ರಿಬ್ಬಿಟ್ ಅಂಥವು. 4/0 ಅಥವಾ 5/0 ಸೈಜಿನ ವೈಡ್ ಗ್ಯಾಪ್ (ಅಗಲ ಬಾಗಿನ) ಗಾಳ ಬೇಕು. ಮೂಗಿನಲ್ಲಿ ಚುಚ್ಚಿ, ಒಂದು ಸೆಂಟಿಮೀಟರ್ ಕೆಳಗೆ ಹೊರತೆಗೆದು, ಗಾಳ ತಿರುಗಿಸಿ, ಹೊಟ್ಟೆಯಿಂದ ಬೆನ್ನಿಗೆ ದಾಟಿಸಿ, ಮೊನೆಯನ್ನು ಬೆನ್ನಿನ ರಬ್ಬರಿನಲ್ಲಿ ಚೂರೇ ಚೂರು ಅಡಗಿಸಬೇಕು. ಕಪ್ಪೆ ನೆಟ್ಟಗೆ ಕೂರಬೇಕು, ಸೊಟ್ಟ ಆದರೆ ಎಳೆಯುವಾಗ ಗಿರಗಿರ ತಿರುಗಿ ದಾರ ಹುರಿಗಟ್ಟುತ್ತದೆ.

ಒಂದು ಮಾತು, ಪ್ಯಾಕೆಟ್ ಲೆಕ್ಕದಲ್ಲಿ ಅಗ್ಗ ಅಂದುಕೊಳ್ಳಬೇಡಿ. ಮುರ್ರೆಲ್ ಹಲ್ಲಿಗೆ ಕಾಲು ಕಿತ್ತು ಬರುತ್ತದೆ, ಕಾಲಿಲ್ಲದ ಗಟ್ಟಿ ಕಪ್ಪೆ ಬರೀ ರಬ್ಬರ್ ತುಂಡು. ಬಾಸ್‌ಗಾದರೆ ಒಂದರಲ್ಲೇ ಸುಮಾರು ಮೀನು ಹಿಡಿಯುತ್ತಾರೆ, ಅದರ ಹಲ್ಲು ಉಪ್ಪುಕಾಗದದ ಹಾಗೆ ಬರೀ ತರಿತರಿ.

ಬೀಳಗಿ_ಗಾಳ:

ಇಬ್ಬರಿಗೂ ಥ್ಯಾಂಕ್ಸ್ ರೀ. ಗೆಳೆಯನ ಹತ್ತಿರ ಒಂದು ಟೊಳ್ಳು ಕಪ್ಪೆ ಇದೆ, ಅದನ್ನು ತಂದು ಎಸೆದು ನೋಡಿದೆ. ಮೀನು ಧಡ್ ಅಂತ ಬಂದು ಹೊಡೆಯುತ್ತದೆ, ನೀರು ಎರಡಡಿ ಮೇಲೆ ಹಾರುತ್ತದೆ, ರಾಡ್ ಎತ್ತಿದರೆ ಕಪ್ಪೆ ಒಂದೇ ವಾಪಸ್ ಹಾರಿ ಬರುತ್ತದೆ! ಅದಲ್ಲದೆ ಒಳಗೆ ನೀರು ತುಂಬಿ ಭಾರವಾಗುತ್ತದೆ. ಮೂಗಿನ ತೂತಿಗೆ ಫೆವಿಕ್ವಿಕ್ ಹಾಕಿ ಮುಚ್ಚಲಾ?

ಹಿಡಕಲ್_ದಂಡೆ:

ಅಯ್ಯೋ ಮುಚ್ಚಬೇಡಿ! ಕಚ್ಚಿದಾಗ ಒಳಗಿನ ಗಾಳಿ ಅದೇ ತೂತಿನಿಂದ ಹೊರಗೆ ಹೋಗಬೇಕು. ಮುಚ್ಚಿದರೆ ಗಾಳಿ ಸಿಕ್ಕಿಕೊಂಡು ಮೈ ಬಿರುಸಾಗುತ್ತದೆ, ಗಾಳದ ಮೊನೆ ಹೊರಗೇ ಬರುವುದಿಲ್ಲ. ನೀರು ತುಂಬಿದರೆ ಎಸೆಯುವ ಮುಂಚೆ ಒಮ್ಮೆ ಹಿಂಡಿ, ಅಷ್ಟೇ. ಹಲ್ಲು ತಾಗಿ ಮೈಯಲ್ಲೇ ತೂತು ಬಿದ್ದಿದ್ದರೆ ಆ ತೂತಿಗೆ ಮಾತ್ರ ಅಂಟು.

ಇನ್ನು ಕಪ್ಪೆ ವಾಪಸ್ ಬರುವುದಕ್ಕೆ ಮುಖ್ಯ ಕಾರಣ ಅವಸರ. ಸದ್ದಿಗೆ ಬೆಚ್ಚಿ ಎಲ್ಲರೂ ರಾಡ್ ಎತ್ತುತ್ತಾರೆ. ನೀರು ಹಾರಿದ ಕೂಡಲೇ ಎತ್ತುವ ಬದಲು ರಾಡಿನ ತುದಿ ಮೀನಿನ ಕಡೆ ಇಳಿಸಿ, ಸಡಿಲ ದಾರ ಸುತ್ತಿಕೊಳ್ಳಿ, ಕೈಗೆ ಭಾರ ಗೊತ್ತಾದ ಮೇಲೆ ಮಾತ್ರ ಜಗ್ಗಿ. ಜಗ್ಗುವಾಗ ಮಾತ್ರ ಮನಸಾರೆ ಜಗ್ಗಬೇಕು, ಎಲುಬಿನ ಬಾಯಿಗೆ ನಾಜೂಕು ನಡೆಯಲ್ಲ. ಭಾರ ಗೊತ್ತಾಗಲಿಲ್ಲವೋ, ಕಪ್ಪೆಯನ್ನು ಅಲ್ಲೇ ಬಿಡಿ, ಒಂದು ಸಲ ತಪ್ಪಿದ ಮುರ್ರೆಲ್ ಸಿಟ್ಟಿಗೆದ್ದು ಇನ್ನೊಮ್ಮೆ ಬರುವುದು ಸಾಮಾನ್ಯ.

ಆಮೇಲೆ ಇಕ್ಕಳ ಹಿಡಿದು ಎರಡೂ ಗಾಳವನ್ನು ಒಂದು ಕೂದಲೆಳೆಯಷ್ಟು ಮೇಲಕ್ಕೆ, ಹೊರಕ್ಕೆ ಬಗ್ಗಿಸಿ. ಜಾಸ್ತಿ ಬಗ್ಗಿಸಿದರೆ ಕಸ ಹಿಡಿಯುತ್ತದೆ. ಹಿಂದೆ ಕಾಲಿನ ಹಾಗೆ ಜೋತಾಡುವ ಸಿಲಿಕೋನ್ ಎಳೆಗಳು ಉದ್ದ ಇದ್ದರೆ ಕತ್ತರಿಸಿ ಗಿಡ್ಡ ಮಾಡಿ, ಮೀನು ಬರೀ ಎಳೆ ಕಚ್ಚಿಕೊಂಡು ಹೋಗುವುದು ತಪ್ಪುತ್ತದೆ. ಒಂದು ಕಡೆ ಸ್ವಲ್ಪ ಜಾಸ್ತಿ ಗಿಡ್ಡ ಮಾಡಿದರೆ ಎಡಕ್ಕೆ ಬಲಕ್ಕೆ ಹೊಯ್ದಾಡುತ್ತಾ ಬರುತ್ತದೆ, ನಿಂತ ನೀರಲ್ಲಿ ಅದು ಚೆನ್ನ.

ಭೂತನಾಳ_ಬೈಕರ್:

ವಿಜಯಪುರದಿಂದ ನಂದೂ ಒಂದೆರಡು. ಕಪ್ಪೆ ಎರಡೂ ಒಳ್ಳೆಯವೇ, ಎಸೆಯುವ ಜಾಗ ನೋಡಿ ಎಸೆಯಿರಿ. ಮುರ್ರೆಲ್ ಆಗಾಗ ಮೇಲೆ ಬಂದು ಗಾಳಿ ನುಂಗಿ ಹೋಗುತ್ತದೆ, ಬೇರೆ ಮೀನಿನ ಹಾಗೆ ಕಿವಿರು ಒಂದನ್ನೇ ನಂಬಿ ಬದುಕುವುದಿಲ್ಲ. ಗುಳುಕ್ ಅಂತ ಸದ್ದು ಬಂದು ನೀರಲ್ಲಿ ಉಂಗುರ ಎದ್ದರೆ ಅದರ ನೆತ್ತಿ ಮೇಲೆ ಎಸೆಯಬೇಡಿ, ನಾಲ್ಕೈದು ಅಡಿ ಆಚೆ ಎಸೆದು ಆ ಜಾಗದ ಪಕ್ಕದಲ್ಲಿ ತನ್ನಿ.

ಮಳೆಗಾಲದಲ್ಲಿ ನೀರಿನ ಮೇಲ್ಭಾಗದಲ್ಲಿ ಕೆಂಪಗೆ ಸಣ್ಣ ಮರಿಗಳ ಗುಂಪು ಕುದಿಯುತ್ತಾ ಓಡಾಡುವುದು ಕಾಣುತ್ತದೆ. ಕೆಳಗೆ ತಾಯಿ ತಂದೆ ಕಾವಲಿರುತ್ತವೆ. ಅಲ್ಲಿ ಕಪ್ಪೆ ಬಿದ್ದರೆ ಹಸಿವಿಲ್ಲದಿದ್ದರೂ ಹೊಡೆಯುತ್ತವೆ. ಅದನ್ನು ಬೇಟೆ ಅನ್ನೋಕೆ ನನಗೆ ಮನಸ್ಸು ಬರಲ್ಲ. ಕಾವಲಿನ ಮೀನು ಹೋದರೆ ಮರಿಗಳನ್ನು ಬೇರೆ ಮೀನುಗಳು ತಿಂದು ಮುಗಿಸುತ್ತವೆ. ಮುಂದಿನ ವರ್ಷ ನಿಮ್ಮ ದಂಡೆಯೇ ಖಾಲಿ.

ಇನ್ನೊಂದು, ಬಾಸ್ ವಿಡಿಯೋದಲ್ಲಿ ಕೆಳದವಡೆಗೆ ಹೆಬ್ಬೆರಳು ಹಾಕಿ ಎತ್ತಿ ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ಮುರ್ರೆಲ್‌ಗೆ ಹಾಗೆ ಮಾಡಿದರೆ ಬೆರಳಿಗೆ ಹೊಲಿಗೆ ಗ್ಯಾರಂಟಿ. ಉದ್ದ ಮೂತಿಯ ಇಕ್ಕಳ, ಒಂದು ಒದ್ದೆ ಬಟ್ಟೆ ಜೊತೆಗಿರಲಿ.

ಜಮಖಂಡಿ_ಹೊಳಿದಂಡಿ:

ಬೀಳಗಿ ಅಣ್ಣಾ, ಕಪ್ಪೆ ಜಾಲಿ ಗಿಡಕ್ಕೆ ಸಿಕ್ಕರೆ ದಾರ ಹರಿದು ಬನ್ನಿ, ಬಿಡಿಸಲು ನೀರಿಗೆ ಇಳಿಯಬೇಡಿ. ಕೃಷ್ಣೆಯಲ್ಲಿ ಮೊಸಳೆ ಇರುವುದು ದಂಡೆಯವರಿಗೆಲ್ಲ ಗೊತ್ತು. ಅದೂ ಹೋಗಲಿ, ಹಿನ್ನೀರಿನಲ್ಲಿ ಮುಳುಗಡೆ ಹೊಲಗಳ ಹಳೇ ಬಾವಿಗಳಿವೆ. ಡ್ಯಾಂ ತುಂಬಿ ನೀರಿನ ಮಟ್ಟ (ಸಮುದ್ರ ಮಟ್ಟದಿಂದ) 519.60 ಮೀಟರ್ ಇದ್ದಾಗ ಅವು ಆಳದಲ್ಲಿರುತ್ತವೆ, ಬೇಸಿಗೆಯಲ್ಲಿ ಮೊಳಕಾಲು ನೀರು ಅಂತ ಕಾಲಿಟ್ಟ ಕಡೆ ಬಾವಿ ಬಾಯಿ ಇರಬಹುದು. ಮತ್ತೆ ಹಿನ್ನೀರಿನಲ್ಲಿ ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಇರುವವರು ಬಲೆ ಹಾಕಿರುತ್ತಾರೆ, ಊರ ಕೆರೆಯಾದರೆ ಟೆಂಡರ್ ಹಿಡಿದವರು ಇರುತ್ತಾರೆ. ಮೊದಲು ಅವರನ್ನು ಕೇಳಿಕೊಳ್ಳಿ. ಕೇಳಿದರೆ ಮುರ್ರೆಲ್ ಎಲ್ಲಿ ಕೂರುತ್ತದೆ ಅಂತ ಅವರೇ ತೋರಿಸುತ್ತಾರೆ ಎಷ್ಟೋ ಸಲ.

ಬೀಳಗಿ_ಗಾಳ:

ಸರಿ ರೀ. ಕರಿ ಬಣ್ಣದ ಟೊಳ್ಳು ಕಪ್ಪೆ ಎರಡು, 50 ಪೌಂಡ್ ಬ್ರೇಡ್ ಆರ್ಡರ್ ಮಾಡಿದೆ. ಜೊಂಡಿನ ಅಂಚಿಗೆ ಅಂತ ಗಟ್ಟಿಯದೂ ಒಂದು ಪ್ಯಾಕೆಟ್. ಸ್ಪಿನ್ನಿಂಗ್ ರೀಲಿಗೆ 50 ಪೌಂಡ್ ದಪ್ಪ ಆಗಲ್ಲ ತಾನೇ?

ಹಿಡಕಲ್_ದಂಡೆ:

3000 ರೀಲಿಗೆ ಸುತ್ತು ಕಡಿಮೆ ಹಿಡಿಯುತ್ತದೆ, ಆದರೆ ಕಪ್ಪೆ ಎಸೆಯೋದು ನೂರು ಮೀಟರ್ ದೂರಕ್ಕಲ್ಲವಲ್ಲ. ಸ್ಪೂಲಿಗೆ ಮೊದಲು ತಂಗೂಸಿ ದಾರ ಒಂದಷ್ಟು ಸುತ್ತಿ, ಅದರ ಮೇಲೆ ಬ್ರೇಡ್ ಕಟ್ಟಿ, ಇಲ್ಲದಿದ್ದರೆ ಬ್ರೇಡ್ ಸ್ಪೂಲ್ ಮೇಲೆ ಜಾರುತ್ತದೆ.